ನಿವೇಶನದ ಬೆಲೆ ಮತ್ತು ದಾರಿಯ ಬೆಲೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮನೆ ಕೊಳ್ಳುವವರು ಗಮನಿಸಬೇಕಾದ ಅಂಶಗಳು

ಮನೆ ಅಥವಾ ನಿವೇಶನವನ್ನು ಕೊಳ್ಳುವಾಗ ಸಾಮಾನ್ಯವಾಗಿ ವಿಚಾರಿಸುವ ಸಂಗತಿಗಳು ಎಲ್ಲರಿಗೂ ತಿಳಿದವೇ. ಸೆಂಟ್ಸಿಗೆ ಎಷ್ಟು ಬೆಲೆ, ಭೂಪರಿವರ್ತನೆ ಆಗಿದೆಯೇ, ಬಾವಿಯಲ್ಲಿ ಮೇ ತಿಂಗಳಿನವರೆಗೆ ನೀರು ನಿಲ್ಲುತ್ತದೆಯೇ, ಬ್ಯಾಂಕು ಎಷ್ಟು ಸಾಲ ಕೊಡುತ್ತದೆ ಎಂಬುದನ್ನು ಯಾರೂ ಕೇಳದೆ ಬಿಡುವುದಿಲ್ಲ. ಆದರೆ ಆ ಮನೆಯಿಂದ ಅಂಗಡಿಗೆ, ಕಾರ್ಖಾನೆಗೆ ಅಥವಾ ಕಛೇರಿಗೆ ದಿನವೂ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಪ್ರಶ್ನೆಗೆ ಮಾತ್ರ ಅಂದಾಜಿನ ಉತ್ತರವೇ ಸಾಕೆನಿಸಿಬಿಡುತ್ತದೆ. ನಿವೇಶನದ ಬೆಲೆಯನ್ನು ಒಮ್ಮೆ ತೆತ್ತರೆ ಮುಗಿಯಿತು. ದಾರಿಯ ಬೆಲೆಯನ್ನು ಆ ಮನೆಯಲ್ಲಿರುವಷ್ಟು ಕಾಲ ದಿನಕ್ಕೆ ಎರಡು ಬಾರಿ ತೆರಬೇಕಾಗುತ್ತದೆ.

ಮಂಗಳೂರು ನಗರದಲ್ಲಿ ಭೂಮಿಯ ಬೆಲೆ ಏರಿದಂತೆ ವರ್ತಕರು, ಸಣ್ಣ ಉದ್ಯಮಿಗಳು ಮತ್ತು ನೌಕರ ವರ್ಗದವರು ಮನೆ ಕಟ್ಟಲು ಪೂರ್ವದ ಕಡೆಗೆ ಮುಖ ಮಾಡಿದ್ದಾರೆ. ತುಂಬೆ, ಬಿ.ಸಿ.ರೋಡ್, ಗಂಜಿಮಠ, ಎಡಪದವು, ತೋಡಾರು, ಮೂಡುಬಿದಿರೆಗಳ ಸುತ್ತ ಎದ್ದಿರುವ ಬಡಾವಣೆಗಳೇ ಇದಕ್ಕೆ ಸಾಕ್ಷಿ. ಈ ನಿರ್ಧಾರ ಎಲ್ಲಿ ಲಾಭದಾಯಕ, ಎಲ್ಲಿ ಕೈ ಸುಡುವಂಥದು ಎಂಬುದನ್ನು ವ್ಯಾಪಾರದ ಲೆಕ್ಕದಂತೆಯೇ ತೂಗಿ ನೋಡುವ ಅಗತ್ಯವಿದೆ.

ದೂರ ಹೋದಂತೆ ಬೆಲೆ ಇಳಿಯುವುದೇಕೆ?

ಜರ್ಮನಿಯ ಭೂಮಾಲೀಕನೂ ಅರ್ಥಚಿಂತಕನೂ ಆಗಿದ್ದ ಯೋಹಾನ್ ಹೈನ್ರಿಕ್ ಫಾನ್ ಥ್ಯೂನೆನ್ 1826ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಸರಳವಾದ ವಿವರಣೆಯಿದೆ. ಪೇಟೆಯಿಂದ ದೂರ ಹೋದಂತೆ ಸರಕನ್ನು ಪೇಟೆಗೆ ತಲಪಿಸುವ ವೆಚ್ಚ ಏರುತ್ತದೆ. ಆ ಏರಿಕೆಯಷ್ಟೇ ಭೂಮಿಯ ಗೇಣಿ ಇಳಿಯುತ್ತದೆ. ಅಂದು ಧಾನ್ಯಕ್ಕೂ ಸೌದೆಗೂ ಹೇಳಿದ ಈ ಮಾತು ಇಂದು ಮನೆಯ ನಿವೇಶನಕ್ಕೂ ಸಲ್ಲುತ್ತದೆ. ಇಲ್ಲಿ ಸಾಗಿಸಲ್ಪಡುವ ಸರಕು ಮನುಷ್ಯನೇ ಎಂಬುದಷ್ಟೇ ವ್ಯತ್ಯಾಸ. ದೂರದ ನಿವೇಶನ ಅಗ್ಗವಾಗಿರುವುದು ಮಾರುವವರ ಔದಾರ್ಯದಿಂದಲ್ಲ. ಉಳಿದ ಭಾಗವನ್ನು ಕೊಳ್ಳುವವನು ಇಂಧನದ ರೂಪದಲ್ಲಿ, ಸಮಯದ ರೂಪದಲ್ಲಿ ತೆರಲಿದ್ದಾನೆ ಎಂಬುದು ಆ ಬೆಲೆಯಲ್ಲೇ ಅಡಗಿರುತ್ತದೆ.

ಮನುಷ್ಯನ ತಾಳ್ಮೆಗೂ ಒಂದು ಮಿತಿಯುಂಟು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಮಂಡಿಸಿದ ಪ್ರಬಂಧದಂತೆ, ವಾಹನಗಳ ವೇಗ ಎಷ್ಟೇ ಹೆಚ್ಚಿದರೂ ಜನರು ದಿನಕ್ಕೆ ಹೋಗಿಬರುವುದಕ್ಕಾಗಿ ವ್ಯಯಿಸುವ ಕಾಲ ಸರಾಸರಿ ಒಂದು ಗಂಟೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಝರ್ ಮತ್ತು ಬ್ರೂನೋ ಫ್ರೈ ಅವರು ಜರ್ಮನಿಯ ಕುಟುಂಬಗಳ ಮಾಹಿತಿಯನ್ನು ಪರಿಶೀಲಿಸಿ, ದೀರ್ಘ ಪ್ರಯಾಣ ಮಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ಸಂತೃಪ್ತಿಯನ್ನು ಸೂಚಿಸುತ್ತಾರೆಂದೂ, ಹೆಚ್ಚಿನ ಸಂಬಳವಾಗಲಿ ಉತ್ತಮ ಮನೆಯಾಗಲಿ ಆ ನಷ್ಟವನ್ನು ಪೂರ್ಣವಾಗಿ ತುಂಬಿಕೊಡುವುದಿಲ್ಲವೆಂದೂ ಕಂಡುಕೊಂಡರು. ಮನೆ ಕೊಳ್ಳುವ ದಿನ ದೊಡ್ಡ ಅಂಗಳ ಕಣ್ಣಿಗೆ ಬೀಳುತ್ತದೆ. ದಾರಿಯ ಆಯಾಸ ಆ ದಿನ ಕಾಣುವುದಿಲ್ಲ.

ಮೂರು ಊರು, ಮೂರು ದಾರಿ

ಮೂರು ಊರುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಬಂಟ್ವಾಳ ತಾಲೂಕಿನ ಬಿ.ಸಿ.ರೋಡ್ ಮಂಗಳೂರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿದೆ. ಹಿಂದೆ 48 ಎಂದು ಕರೆಯಲಾಗುತ್ತಿದ್ದ, ಈಗ 75ನೆಯ ಸಂಖ್ಯೆಯ ಬೆಂಗಳೂರು ಹೆದ್ದಾರಿ ಇಲ್ಲಿಂದ ಮಂಗಳೂರಿನ ಕಡೆಗೆ ಚತುಷ್ಪಥವಾಗಿದೆ. ತುಂಬೆ, ಫರಂಗಿಪೇಟೆ, ಅಡ್ಯಾರುಗಳವರೆಗೆ ಪ್ರಯಾಣ ಸಲೀಸು. ಸಮಯ ಕರಗುವುದು ಪಡೀಲ್ ದಾಟಿದ ಮೇಲೆ, ಪಂಪ್‌ವೆಲ್ ಮತ್ತು ನಂತೂರು ವೃತ್ತಗಳಲ್ಲಿ. ಪಣಂಬೂರು, ಬೈಕಂಪಾಡಿಗಳ ಕಡೆಗೆ ಹೋಗುವವರಿಗೆ ಕೂಳೂರಿನ ಸೇತುವೆಯೂ ಎದುರಾಗುತ್ತದೆ. ಎಂದರೆ 25 ಕಿಲೋಮೀಟರ್ ಎಂಬ ಅಂಕಿಯಲ್ಲಿ ಕೊನೆಯ ಐದಾರು ಕಿಲೋಮೀಟರುಗಳೇ ಹೆಚ್ಚು ತೂಕವುಳ್ಳವು. ಬಂಟ್ವಾಳಕ್ಕಿರುವ ಇನ್ನೊಂದು ಅನುಕೂಲ ರೈಲು. ಮಂಗಳೂರು–ಹಾಸನ ಮಾರ್ಗದ ಬಂಟ್ವಾಳ ನಿಲ್ದಾಣ ಬಿ.ಸಿ.ರೋಡಿಗೆ ಹತ್ತಿರದಲ್ಲಿದ್ದು, ಪುತ್ತೂರಿನ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿಗಳು ನಗರದ ವೃತ್ತಗಳ ಗೊಡವೆಯಿಲ್ಲದೆ ಮಂಗಳೂರನ್ನು ತಲಪಿಸುತ್ತವೆ. ಅವುಗಳ ಸಂಖ್ಯೆ ಕಡಿಮೆಯಾದುದರಿಂದ ಕೆಲಸದ ವೇಳೆ ಗಾಡಿಯ ವೇಳೆಗೆ ಹೊಂದುವವರಿಗೆ ಮಾತ್ರ ಈ ಪ್ರಯೋಜನ ದಕ್ಕುತ್ತದೆ.

ಮೂಡುಬಿದಿರೆ ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್. 169ನೆಯ ಹೆದ್ದಾರಿಯಲ್ಲಿ ಕುಲಶೇಖರ, ಗುರುಪುರ, ಕೈಕಂಬ, ಗಂಜಿಮಠ, ಎಡಪದವು, ಮಿಜಾರುಗಳನ್ನು ಹಾದು ಬರಬೇಕು. ಇಲ್ಲಿಗೆ ರೈಲು ಇಲ್ಲ. ಆದರೆ ಮೂಡುಬಿದಿರೆಗೆ ತನ್ನದೇ ಆದ ಆರ್ಥಿಕ ಬದುಕಿದೆ. ಗೇರುಬೀಜದ ಕಾರ್ಖಾನೆಗಳು, ದೊಡ್ಡ ವಿದ್ಯಾಸಂಸ್ಥೆಗಳು ಮತ್ತು ಅವನ್ನು ಅವಲಂಬಿಸಿದ ವ್ಯಾಪಾರ ಊರಿನಲ್ಲೇ ಕೆಲಸವನ್ನೊದಗಿಸಿವೆ. 2018ರಲ್ಲಿ ಪ್ರತ್ಯೇಕ ತಾಲೂಕಾದ ಬಳಿಕ ಕಛೇರಿಯ ಕೆಲಸಗಳಿಗಾಗಿ ಮಂಗಳೂರಿಗೆ ಅಲೆಯುವುದೂ ತಗ್ಗಿದೆ. ಇಲ್ಲಿ ದುಡಿದು ಇಲ್ಲೇ ಮನೆ ಮಾಡುವವರಿಗೆ ಅಗ್ಗದ ನಿವೇಶನ ನಿಜವಾಗಿಯೂ ಅಗ್ಗ. ಬಜ್ಪೆಯ ವಿಮಾನ ನಿಲ್ದಾಣ ಮತ್ತು ವಿಶೇಷ ಆರ್ಥಿಕ ವಲಯದ ಕಡೆಗೆ ಹೋಗುವವರು ನಗರವನ್ನು ಪ್ರವೇಶಿಸದೆಯೇ ಕೈಕಂಬದಿಂದ ತಿರುಗಬಹುದಾದುದರಿಂದ, ಅವರ ಪಾಲಿಗೆ ಎಡಪದವು, ಗಂಜಿಮಠಗಳು ಬಿ.ಸಿ.ರೋಡಿಗಿಂತ ಅನುಕೂಲವಾಗಬಹುದು. ಮನೆ ಮತ್ತು ಕೆಲಸದ ನಡುವಣ ದಾರಿ ನಗರದ ವೃತ್ತಗಳನ್ನು ಹಾಯುತ್ತದೆಯೇ ಇಲ್ಲವೇ ಎಂಬುದು ಕಿಲೋಮೀಟರಿಗಿಂತ ಮುಖ್ಯವಾದ ಪ್ರಶ್ನೆ.

ಬೆಳ್ತಂಗಡಿಯ ವಿಷಯ ಬೇರೆಯೇ. ಮಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರವಿರುವ ಈ ಊರಿನಿಂದ ದಿನವೂ ನಗರಕ್ಕೆ ಹೋಗಿಬರುವುದು ಅನಿವಾರ್ಯವಾದವರು ಮಾತ್ರ ಮಾಡಬಹುದಾದ ಕಾರ್ಯ. ಆದರೆ ಉಜಿರೆ ಕೆಲವೇ ಕಿಲೋಮೀಟರುಗಳಲ್ಲಿದ್ದು, ಧರ್ಮಸ್ಥಳ ಅಲ್ಲಿಂದ ಮುಂದೆ ಹತ್ತಿರದಲ್ಲೇ ಇದೆ. ವಿದ್ಯಾಸಂಸ್ಥೆ, ಆಸ್ಪತ್ರೆ, ವಸತಿಗೃಹ, ಯಾತ್ರಿಕರ ವ್ಯಾಪಾರ, ಅಡಿಕೆಯ ವಹಿವಾಟು ಇವುಗಳಲ್ಲಿ ತೊಡಗಿದವರಿಗೆ ಬೆಳ್ತಂಗಡಿಯೇ ಕೇಂದ್ರ. ಅಂಥವರು ಲಕ್ಷದೀಪೋತ್ಸವದಂತಹ ದಿನಗಳ ಮತ್ತು ರಜಾದಿನಗಳ ವಾಹನ ದಟ್ಟಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.

ಬಸ್ಸಿನ ವಿಚಾರದಲ್ಲಿಯೂ ವ್ಯತ್ಯಾಸವಿದೆ. ಬಿ.ಸಿ.ರೋಡ್ ಮೂಲಕ ಪುತ್ತೂರು, ಧರ್ಮಸ್ಥಳಗಳಿಗೆ ಹೋಗುವ ಮಾರ್ಗಗಳಲ್ಲಿ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ಹೆಚ್ಚು. ಮೂಡುಬಿದಿರೆಯ ಮಾರ್ಗ ಬಹುಕಾಲ ಖಾಸಗಿ ಬಸ್ಸುಗಳನ್ನೇ ನೆಚ್ಚಿಕೊಂಡಿತ್ತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಮೂಲಕ ಮಹಿಳೆಯರಿಗೆ ದೊರೆತ ಉಚಿತ ಪ್ರಯಾಣ ನಿಗಮದ ಬಸ್ಸುಗಳಿಗೆ ಸೀಮಿತವಾದುದು. ಮನೆಯ ಇಬ್ಬರು ಹೆಣ್ಣುಮಕ್ಕಳು ದಿನವೂ ಬಸ್ಸಿನಲ್ಲಿ ಹೋಗುವವರಾದರೆ, ಯಾವ ಮಾರ್ಗದ ಮೇಲೆ ಮನೆಯಿದೆ ಎಂಬುದು ತಿಂಗಳ ಖರ್ಚಿನಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಮಳೆಗಾಲವೇ ನಿಜವಾದ ಪರೀಕ್ಷೆ

ನಿವೇಶನ ನೋಡಲು ಜನರು ಹೋಗುವುದು ಹೆಚ್ಚಾಗಿ ಬೇಸಗೆಯ ಭಾನುವಾರಗಳಂದು. ದಾರಿ ಅತ್ಯಂತ ಸುಗಮವಾಗಿರುವುದೂ ಆ ದಿನವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸೋಮವಾರದ ಬೆಳಿಗ್ಗೆ ಅದೇ ದಾರಿ ಬೇರೊಂದೇ ಆಗಿರುತ್ತದೆ.

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಈ ಪ್ರದೇಶವನ್ನು ತುಂಡರಿಸುವುದರಿಂದ ಇಲ್ಲಿನ ಸಂಚಾರ ಕೆಲವೇ ಸೇತುವೆಗಳನ್ನು ಅವಲಂಬಿಸಿದೆ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ಣ ಸೇತುವೆ ಕುಸಿದು, ಎರಡು ದಡಗಳ ಜನರು ಸುತ್ತುದಾರಿ ಹಿಡಿಯಬೇಕಾಯಿತು. 2021ರ ಜೂನ್‌ನಲ್ಲಿ ವಿಮಾನ ನಿಲ್ದಾಣದ ಕಡೆಯ ಮರವೂರು ಸೇತುವೆ ಕುಗ್ಗಿ ಸಂಚಾರ ನಿಂತಿತು. 2024ರಲ್ಲಿ ಪೊಳಲಿ–ಅಡ್ಡೂರು ಸೇತುವೆಯಲ್ಲಿ ಘನವಾಹನಗಳಿಗೆ ನಿಷೇಧ ವಿಧಿಸಿದಾಗ ಕಾರು, ಸ್ಕೂಟರುಗಳು ಸಾಗಿದರೂ ಬಸ್ಸನ್ನು ನಂಬಿದವರು ಮತ್ತು ಸರಕು ಸಾಗಿಸುವವರು ಕಷ್ಟಕ್ಕೊಳಗಾದರು. 2019ರ ಆಗಸ್ಟ್‌ನ ಭೂಕುಸಿತಗಳಿಂದ ಚಾರ್ಮಾಡಿ ಘಾಟಿ ಮುಚ್ಚಿದಾಗ ಬೆಳ್ತಂಗಡಿಯ ವರ್ತಕರಿಗೆ ಘಟ್ಟದ ಮೇಲಿನ ಪೇಟೆಗಳ ನೇರ ಸಂಪರ್ಕವೇ ತಪ್ಪಿತು. ಈ ಘಟನೆಗಳಿಂದ ತಿಳಿಯುವುದಿಷ್ಟು: ಒಂದೇ ಸೇತುವೆಯನ್ನು ನೆಚ್ಚಿದ ಮನೆಗಿಂತ ಎರಡು ದಾರಿಗಳಿರುವ ಮನೆಗೆ ಸ್ವಲ್ಪ ಹೆಚ್ಚು ಬೆಲೆ ತೆತ್ತರೂ ನಷ್ಟವಿಲ್ಲ. ಬಂಟ್ವಾಳ ಪೇಟೆಯ ಹಾಗೂ ಪಾಣೆಮಂಗಳೂರಿನ ತಗ್ಗು ಪ್ರದೇಶಗಳಲ್ಲಿ ಕೊಳ್ಳುವವರು 1974ರ ಮತ್ತು 2019ರ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಳಬರನ್ನು ವಿಚಾರಿಸಿ ತಿಳಿಯುವುದೂ ಅವಶ್ಯ.

ಆಗಲಿರುವ ರಸ್ತೆಗೆ ಇಂದೇ ಬೆಲೆ ತೆರಬೇಡಿ

ನಿವೇಶನ ಮಾರುವವರ ಬಾಯಲ್ಲಿ ‘ರಸ್ತೆ ಅಗಲವಾದರೆ ಅರ್ಧ ಗಂಟೆಯ ದಾರಿ’ ಎಂಬ ಮಾತು ಸದಾ ಇರುತ್ತದೆ. ರಸ್ತೆ ಆಗುವುದೂ ನಿಜ; ಯಾವಾಗ ಎಂಬುದೇ ಪ್ರಶ್ನೆ. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ಸುಮಾರು ಒಂದು ದಶಕದ ಕಾಯುವಿಕೆಯ ನಂತರ 2020ರ ಜನವರಿಯಲ್ಲಿ ಸಂಚಾರಕ್ಕೆ ತೆರೆಯಿತು. ಬಿ.ಸಿ.ರೋಡ್–ಅಡ್ಡಹೊಳೆ ಚತುಷ್ಪಥ ಕಾಮಗಾರಿ 2017ರಲ್ಲಿ ಪ್ರಾರಂಭವಾಗಿ, ಮಧ್ಯದಲ್ಲಿ ನಿಂತು, ಬೇರೆ ಗುತ್ತಿಗೆದಾರರ ಕೈಸೇರಿ ಮುಂದುವರಿಯಿತು. ಅಷ್ಟೂ ವರ್ಷ ಕಲ್ಲಡ್ಕದ ಜನರು ಧೂಳು, ಕೆಸರುಗಳ ನಡುವೆ ವ್ಯಾಪಾರ ನಡೆಸಿದರು. ಬಿಕರ್ನಕಟ್ಟೆ–ಸಾಣೂರು ನಡುವಣ ಸುಮಾರು 45 ಕಿಲೋಮೀಟರ್ ಹೆದ್ದಾರಿಯ ವಿಸ್ತರಣೆಯೂ ಭೂಸ್ವಾಧೀನದ ಪರಿಹಾರದ ತಕರಾರುಗಳಿಂದ ವರ್ಷಗಳ ಕಾಲ ಹಿಂದುಳಿಯಿತು.

ಆದುದರಿಂದ ಇಂದು ಇರುವ ರಸ್ತೆಯ ಮೇಲೆ ಲೆಕ್ಕ ಹಾಕುವುದೇ ಜಾಣತನ. ಮುಂದೆ ರಸ್ತೆ ಉತ್ತಮವಾದರೆ ಅದು ಲಾಭ. ಅಗಲಗೊಂಡ ರಸ್ತೆಯೂ ಶಾಶ್ವತವಾಗಿ ಖಾಲಿ ಇರುವುದಿಲ್ಲ. ಅದರ ಬದಿಯಲ್ಲೇ ಹೊಸ ಬಡಾವಣೆಗಳು ಎದ್ದು, ವಾಹನಗಳು ಹೆಚ್ಚಿ, ಉಳಿದ ಸಮಯದ ಒಂದು ಪಾಲು ಮತ್ತೆ ಕಳೆದುಹೋಗುತ್ತದೆ. ರಸ್ತೆಯಂಚಿನ ನಿವೇಶನ ಕೊಳ್ಳುವವರು ಮುಂದಿನ ವಿಸ್ತರಣೆಗೆ ತಮ್ಮ ಅಂಗಳವೇ ಹೋಗುವುದೇ ಎಂಬುದನ್ನೂ ದಾಖಲೆಗಳಲ್ಲಿ ಪರಿಶೀಲಿಸಬೇಕು.

ದ್ವಾರದಿಂದಾಚೆಯ ಸಮಯ

ಪಣಂಬೂರಿನ ಸುತ್ತಮುತ್ತ ಕೆಲಸ ಮಾಡುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ನವಮಂಗಳೂರು ಬಂದರು, ಭಾರತೀಯ ತಟರಕ್ಷಣಾ ಪಡೆಯ ಕರ್ನಾಟಕ ಕೇಂದ್ರ, ರಸಗೊಬ್ಬರ ಕಾರ್ಖಾನೆ, ಕುತ್ತೆತ್ತೂರಿನ ತೈಲ ಶುದ್ಧೀಕರಣಾಗಾರ ಇವೆಲ್ಲ ಭದ್ರತೆಗೊಳಪಟ್ಟ ಸ್ಥಳಗಳು. 2005ರಲ್ಲಿ ಕಾರ್ಯಾರಂಭ ಮಾಡಿದ ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯಂತಹ ಸೇನಾ ನೆಲೆಗಳಲ್ಲಿಯೂ ಇದೇ ಸ್ಥಿತಿ. ಇಂತಹ ಕಡೆ ದ್ವಾರ ತಲಪುವುದು ಬೇರೆ, ಕೆಲಸದ ಸ್ಥಳ ತಲಪುವುದು ಬೇರೆ. ಗುರುತುಚೀಟಿಯ ತಪಾಸಣೆ, ವಾಹನದ ಪರಿಶೀಲನೆ, ನಿಲುಗಡೆ, ಒಳಗಿನ ಆವರಣದ ದೂರ ಇವೆಲ್ಲ ಸೇರಿ ಹತ್ತಿಪ್ಪತ್ತು ನಿಮಿಷಗಳಾಗುವುದು ಅಸಹಜವಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ ದ್ವಾರದ ಹೊರಗಿನ ರಸ್ತೆಯೂ ತುಂಬಿರುತ್ತದೆ. ಒಳಗೆ ಸರಬರಾಜು, ದುರಸ್ತಿ, ಗುತ್ತಿಗೆ ಕೆಲಸಗಳನ್ನು ನಡೆಸುವ ಸಣ್ಣ ಉದ್ಯಮಿಗಳಿಗೆ ಈ ಕಾಯುವಿಕೆ ನೌಕರರಿಗಿಂತ ಹೆಚ್ಚು. ರಾತ್ರಿ ಪಾಳಿಯವರಿಗೆ ಬೇರೆ ಚಿಂತೆ: ಕೊನೆಯ ಬಸ್ಸು ಹೋದ ಮೇಲೆ ಬಿ.ಸಿ.ರೋಡಾಗಲಿ ಮೂಡುಬಿದಿರೆಯಾಗಲಿ ಸ್ವಂತ ವಾಹನವಿಲ್ಲದವರಿಗೆ ಒಂದೇ ದೂರ.

ಒಂದು ಮಾದರಿ ಲೆಕ್ಕ

ಈ ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮದೇ ಅಂಕಿಗಳನ್ನು ಹಾಕಿ ನೋಡಬಹುದು.

ನಗರದ ಸಮೀಪದ ಮನೆ ಬಿ.ಸಿ.ರೋಡ್ ಕಡೆಯ ಅಂತಹದೇ ಮನೆಗಿಂತ 20 ಲಕ್ಷ ರೂಪಾಯಿ ದುಬಾರಿ ಎಂದಿಟ್ಟುಕೊಂಡರೆ, ಆ ಹೆಚ್ಚುವರಿ ಮೊತ್ತಕ್ಕೆ ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಗಳ ಸಾಲದ ಕಂತು ತಿಂಗಳಿಗೆ ಸುಮಾರು 17,350 ರೂಪಾಯಿ. ದೂರದ ಮನೆ ಕೊಂಡರೆ ಇಷ್ಟು ಉಳಿಯಬೇಕು.

ಸಮೀಪದ ಮನೆಯಿಂದ ದಿನಕ್ಕೆ 12 ಕಿಲೋಮೀಟರ್, ದೂರದ ಮನೆಯಿಂದ 50 ಕಿಲೋಮೀಟರ್ ಓಡಾಟವಾದರೆ ವ್ಯತ್ಯಾಸ 38. ತಿಂಗಳ 25 ದಿನಗಳಿಗೆ 950 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ, ಪೆಟ್ರೋಲು ಲೀಟರಿಗೆ 100 ರೂಪಾಯಿಯಂತೆ ಸುಮಾರು 6,350 ರೂಪಾಯಿ. ಟೈರು, ಸರ್ವಿಸು, ಸವಕಳಿಗಳಿಗೆ ಕಿಲೋಮೀಟರಿಗೆ 3 ರೂಪಾಯಿಯಂತೆ 2,850 ರೂಪಾಯಿ. ಒಟ್ಟು ಸುಮಾರು 9,200 ರೂಪಾಯಿ. ಟೋಲ್ ಇದ್ದರೆ ಅದು ಬೇರೆ.

ಇನ್ನು ಸಮಯ. ಸಮೀಪದ ಮನೆಯಿಂದ ಒಂದು ಬದಿಗೆ 20 ನಿಮಿಷ, ದೂರದ ಮನೆಯಿಂದ ಒಂದೂಕಾಲು ಗಂಟೆ ಎಂದಾದರೆ ದಿನಕ್ಕೆ 110 ನಿಮಿಷ, ತಿಂಗಳಿಗೆ ಸುಮಾರು 46 ಗಂಟೆ ಹೆಚ್ಚು. ವರ್ಷಕ್ಕೆ ಇದು ಎಂಟು ಗಂಟೆಯ 69 ಕೆಲಸದ ದಿನಗಳಿಗೆ ಸಮ. ಗಂಟೆಗೆ 150 ರೂಪಾಯಿಯ ಬೆಲೆ ಕಟ್ಟಿದರೆ 6,900 ರೂಪಾಯಿ. ಎರಡನ್ನೂ ಕೂಡಿದರೆ 16,100. ಉಳಿತಾಯವೆಂದುಕೊಂಡ 17,350ರಲ್ಲಿ ಕೈಯಲ್ಲಿ ನಿಲ್ಲುವುದು 1,250 ರೂಪಾಯಿ ಮಾತ್ರ. ತನ್ನ ಸಮಯಕ್ಕೆ ಗಂಟೆಗೆ 300 ರೂಪಾಯಿ ಬೆಲೆಯುಳ್ಳ ವರ್ತಕನಿಗಾದರೆ ದಾರಿಯ ವೆಚ್ಚ 23,000ಕ್ಕೆ ಏರಿ, ಅಗ್ಗದ ಮನೆಯೇ ದುಬಾರಿಯಾಗುತ್ತದೆ. ಲೀಟರಿಗೆ 45 ಕಿಲೋಮೀಟರ್ ಓಡುವ ದ್ವಿಚಕ್ರ ವಾಹನದಲ್ಲಿ ಹೋಗುವವನಿಗೆ ವಾಹನದ ಹೆಚ್ಚುವರಿ ಖರ್ಚು 3,100ರಷ್ಟಕ್ಕೆ ಇಳಿಯುವುದರಿಂದ, ಸಮಯಕ್ಕೆ 150ರ ದರವನ್ನೇ ಹಿಡಿದರೂ 7,350 ರೂಪಾಯಿ ನಿಜವಾಗಿ ಉಳಿಯುತ್ತದೆ. ಮಳೆಗಾಲದ ಹೆದ್ದಾರಿಯ ಅಪಾಯವನ್ನು ಅವನು ಪ್ರತ್ಯೇಕವಾಗಿ ತೂಗಬೇಕು. ಒಂದೇ ಮನೆಯಿಂದ ಇಬ್ಬರು ಬೇರೆಬೇರೆ ದಿಕ್ಕಿಗೆ ಹೋಗುವುದಾದರೆ ದಾರಿಯ ಲೆಕ್ಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಕಂತು ಮಾತ್ರ ಒಂದೇ.

ಇನ್ನೊಂದು ವ್ಯತ್ಯಾಸವನ್ನೂ ಮರೆಯುವಂತಿಲ್ಲ. ಕಂತಿನ ಒಂದು ಭಾಗ ಆಸ್ತಿಯಾಗಿ ಉಳಿಯುತ್ತದೆ. ಉರಿದ ಪೆಟ್ರೋಲು ಉಳಿಯುವುದಿಲ್ಲ. ಸಾಲದ ಕಂತು 20 ವರ್ಷಕ್ಕೆ ಮುಗಿಯುತ್ತದೆ. ಇಂಧನದ ಬೆಲೆ ಅಷ್ಟರೊಳಗೆ ಎಲ್ಲಿಗೆ ಮುಟ್ಟುವುದೋ ಹೇಳಲಾಗದು. ಆದರೆ ಆರಂಭದಲ್ಲಿ ದೊಡ್ಡ ಸಾಲ ಪಡೆಯಲು ಅಥವಾ ಕಂತು ಕಟ್ಟಲು ಶಕ್ತಿಯಿಲ್ಲದವರಿಗೆ ಈ ವಾದ ಉಪಯೋಗಕ್ಕೆ ಬಾರದು. ವ್ಯಾಪಾರದ ಬಂಡವಾಳವನ್ನೇ ಮನೆಗೆ ಹಾಕಿ ನಗರದಲ್ಲಿ ಕೊಳ್ಳುವುದಕ್ಕಿಂತ ದೂರದ ಮನೆಯ ಆಯಾಸವೇ ಲೇಸು.

ಉದ್ಯೋಗದಾತರಿಗೂ ಸಂಬಂಧಿಸಿದ ವಿಷಯ

ಸಣ್ಣ ಕಾರ್ಖಾನೆಯ ಮಾಲಕರು ಇದನ್ನು ನೌಕರರ ಖಾಸಗಿ ವಿಷಯವೆಂದು ಬಿಡುವಂತಿಲ್ಲ. ಎರಡು ಬಸ್ಸು ಬದಲಾಯಿಸಿ ಬರುವ ನುರಿತ ಕೆಲಸಗಾರ ಮಳೆಗಾಲದಲ್ಲಿ ತಡವಾಗಿ ಬರುತ್ತಾನೆ, ಸಂಜೆ ಹೆಚ್ಚುವರಿ ಕೆಲಸಕ್ಕೆ ನಿಲ್ಲಲಾರ. ಮನೆಯ ಹತ್ತಿರ ಸ್ವಲ್ಪ ಕಡಿಮೆ ಸಂಬಳಕ್ಕೆ ಕೆಲಸ ಸಿಕ್ಕಿದರೂ ಬಿಟ್ಟುಹೋಗುತ್ತಾನೆ. ಹೊಸ ಘಟಕಕ್ಕೆ ಸ್ಥಳ ಆರಿಸುವಾಗ ವಿದ್ಯುತ್ತು, ನೀರುಗಳಂತೆ ಬಸ್ಸು ನಿಲ್ದಾಣದ ಸಾಮೀಪ್ಯವನ್ನೂ ನೋಡಬೇಕು. ಸಾಧ್ಯವಿದ್ದಲ್ಲಿ ಪಾಳಿಯ ಆರಂಭವನ್ನು ಅರ್ಧ ಗಂಟೆ ಹಿಂದೆಮುಂದೆ ಮಾಡಿದರೂ ದಟ್ಟಣೆಯ ಹೊತ್ತು ತಪ್ಪುತ್ತದೆ.

ಕಾನೂನಿನ ದೃಷ್ಟಿಯಿಂದಲೂ ದಾರಿ ಈಗ ಕಾರ್ಖಾನೆಯಿಂದ ಪೂರ್ಣ ಹೊರಗಿಲ್ಲ. ಮನೆಯಿಂದ ಕೆಲಸಕ್ಕೆ ಬರುವಾಗ ಅಥವಾ ಮರಳುವಾಗ ಸಂಭವಿಸುವ ಅಪಘಾತಕ್ಕೂ ಉದ್ಯೋಗಕ್ಕೂ ಸಂಬಂಧ ಸ್ಥಾಪಿತವಾದಲ್ಲಿ ಅದನ್ನು ಉದ್ಯೋಗದ ಸಂದರ್ಭದ ಅಪಘಾತವೆಂದೇ ಪರಿಗಣಿಸುವ ಅಂಶ 2010ರ ತಿದ್ದುಪಡಿಯ ಮೂಲಕ ನೌಕರರ ರಾಜ್ಯ ವಿಮಾ ಕಾಯಿದೆಗೆ ಸೇರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ತತ್ತ್ವವನ್ನು ಅಂಗೀಕರಿಸಿದೆ. ಕೆಲಸಗಾರರ ನೋಂದಣಿಯನ್ನು ಕ್ರಮಬದ್ಧವಾಗಿಡುವುದಕ್ಕೆ ಇದೂ ಒಂದು ಕಾರಣ.

ಮುಂಗಡ ಕೊಡುವ ಮೊದಲು

1. ಕೆಲಸಕ್ಕೆ ಹೊರಡುವ ಹೊತ್ತಿಗೇ, ಕೆಲಸದ ದಿನವೇ, ಆ ದಾರಿಯಲ್ಲಿ ಕನಿಷ್ಠ ಮೂರು ಬಾರಿ ಹೋಗಿ ಬರಬೇಕು. ಸಂಜೆಯ ಮರುಪ್ರಯಾಣವನ್ನೂ ಅಳೆಯಬೇಕು.

2. ಸಾಧ್ಯವಾದರೆ ಒಂದು ಮಳೆಗಾಲದ ದಿನವನ್ನು ಆರಿಸಬೇಕು. ಅಡ್ಡರಸ್ತೆಯಿಂದ ಹೆದ್ದಾರಿಯವರೆಗಿನ ಒಂದೆರಡು ಕಿಲೋಮೀಟರ್ ಮಳೆಯಲ್ಲಿ ಹೇಗಿರುತ್ತದೆಂದು ನೋಡಬೇಕು.

3. ಒಮ್ಮೆಯಾದರೂ ಬಸ್ಸಿನಲ್ಲೇ ಹೋಗಿ ನೋಡಬೇಕು. ಎಕ್ಸ್‌ಪ್ರೆಸ್ ಬಸ್ಸು ಆ ನಿಲ್ದಾಣದಲ್ಲಿ ನಿಲ್ಲುತ್ತದೆಯೇ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ತಿಳಿಯಬೇಕು. ಇಂದು ಕಾರು ಓಡಿಸುವವರ ಮಕ್ಕಳೂ ವೃದ್ಧ ತಂದೆತಾಯಿಗಳೂ ಬಸ್ಸನ್ನೇ ನೆಚ್ಚಬೇಕಾಗುತ್ತದೆ.

4. ಒಂದು ಸೇತುವೆ ಅಥವಾ ರಸ್ತೆ ಮುಚ್ಚಿದರೆ ಎರಡನೆಯ ದಾರಿ ಯಾವುದು, ಅದಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನು ಕಂಡುಕೊಳ್ಳಬೇಕು.

5. ಶಾಲೆ, ಆಸ್ಪತ್ರೆ, ಜಿನಸಿನ ಅಂಗಡಿಗಳ ದೂರವನ್ನೂ ದಾರಿಯ ಲೆಕ್ಕಕ್ಕೆ ಸೇರಿಸಬೇಕು.

6. ಕೆಲಸದ ಸ್ಥಳ ಬದಲಾಗುವ ಸಾಧ್ಯತೆಯಿದ್ದರೆ ಒಂದು ವರ್ಷ ಆ ಊರಿನಲ್ಲಿ ಬಾಡಿಗೆಗೆ ಇದ್ದು ನೋಡುವುದು ಕ್ಷೇಮ. ಹನ್ನೊಂದು ತಿಂಗಳ ಬಾಡಿಗೆ, ತಪ್ಪು ಮನೆಯನ್ನು ಮಾರುವ ನಷ್ಟಕ್ಕಿಂತ ಸಣ್ಣದು.

ಬಂಟ್ವಾಳದ ಹಳೆಯ ಪೇಟೆಯಲ್ಲಾಗಲಿ ಮೂಡುಬಿದಿರೆಯ ಬೀದಿಗಳಲ್ಲಾಗಲಿ ಹಿಂದಿನ ವರ್ತಕರು ಅಂಗಡಿಯ ಹಿಂದೆಯೋ ಮಹಡಿಯ ಮೇಲೆಯೋ ವಾಸವಾಗಿದ್ದರು. ಅವರಿಗೆ ದಾರಿಯ ವೆಚ್ಚವೇ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ವ್ಯಾಪಾರ, ಮುಚ್ಚಿದರೆ ಮನೆ. ಇಂದು ಎಲ್ಲರಿಗೂ ಅದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಆದರೂ ಬಿ.ಸಿ.ರೋಡಿನಲ್ಲಿ ಅಂಗಡಿಯುಳ್ಳವನು ಬಿ.ಸಿ.ರೋಡಿನಲ್ಲಿ, ಉಜಿರೆಯಲ್ಲಿ ದುಡಿಯುವವನು ಬೆಳ್ತಂಗಡಿಯಲ್ಲಿ, ಮೂಡುಬಿದಿರೆಯ ಘಟಕದ ಮಾಲಕನು ಮೂಡುಬಿದಿರೆಯಲ್ಲಿ ಮನೆ ಮಾಡಿದರೆ, ಈ ಮೂರು ಊರುಗಳ ಅಗ್ಗದ ಭೂಮಿಯ ಪೂರ್ಣ ಲಾಭ ಅವರಿಗೇ ಸಲ್ಲುತ್ತದೆ. ದಿನವೂ ಪಣಂಬೂರಿಗೆ ಅಥವಾ ನಗರಕ್ಕೆ ಹೋಗಲೇಬೇಕಾದವರು ಮಾತ್ರ ಸೆಂಟ್ಸಿನ ಬೆಲೆಯ ಪಕ್ಕದಲ್ಲಿ ದಾರಿಯ ಬೆಲೆಯನ್ನೂ ಬರೆದು, ಎರಡನ್ನೂ ಕೂಡಿಸಿದ ಮೇಲೆಯೇ ಮುಂಗಡ ಕೊಡತಕ್ಕದ್ದು.